ಹಳ್ಳದಾಚೆಯ ಸೈನಿಕ

ಫ್ಲೆಕ್ಸಿನ ಮೇಲಿದ್ದ ಹುಡುಗನಿಗೆ ಬಲಗಿವಿ ಇರಲಿಲ್ಲ. ಯಾರದೋ ಮದುವೆಯ ಗುಂಪು ಫೋಟೋದಿಂದ ಅವನ ಮುಖವನ್ನು ಕತ್ತರಿಸಿ ತೆಗೆಯುವಾಗ ಕಿವಿ ಪಕ್ಕದವನ ಪೇಟದ ಹಿಂದೆ ಉಳಿದುಹೋಗಿತ್ತು. ಕುತ್ತಿಗೆಯಿಂದ ಕೆಳಗೆ ಅಂಟಿಸಿದ್ದ ಸಮವಸ್ತ್ರ ನಮ್ಮ ದೇಶದ್ದಲ್ಲ; ತೋಳಿನ ಮೇಲೆ ಬೇರೆ ಯಾವುದೋ ಬಾವುಟದ ಚೂರು ಕಾಣುತ್ತಿತ್ತು. ಅವನ ಕೆಳಗೆ ಸ್ಮಾರಕ ಸಮಿತಿಯವರ ಮುಖಗಳು ಎರಡು ಸಾಲಿನಲ್ಲಿದ್ದವು. ಅವರೆಲ್ಲರಿಗೂ ಎರಡೆರಡು ಕಿವಿ ಇದ್ದವು.

ಶಿರಾಳಕೊಪ್ಪದಿಂದ ಆನವಟ್ಟಿಗೆ ಹೋಗುವ ರಸ್ತೆಯಲ್ಲಿ, ಆ ಹುಡುಗನ ಊರಿನ ಬಸ್ ನಿಲ್ದಾಣದ ಎದುರಿಗೆ ಅದನ್ನು ಕಟ್ಟಿದ್ದರು. ನಾನು ಶಿಕಾರಿಪುರದವಳು. ಇತಿಹಾಸದಲ್ಲಿ ಎಂ.ಎ. ಮಾಡಿ ಕಾಲೇಜೊಂದರಲ್ಲಿ ತಾತ್ಕಾಲಿಕವಾಗಿ ಪಾಠ ಹೇಳುತ್ತೇನೆ. ಸಮಿತಿಯ ಅಧ್ಯಕ್ಷರು ಅದೇ ಊರಿನವರು, ಆನವಟ್ಟಿಯಲ್ಲಿ ಗೊಬ್ಬರದ ಅಂಗಡಿ ಇಟ್ಟವರು, ನಮ್ಮ ಅಪ್ಪನ ಪರಿಚಯ. ಸ್ಮಾರಕದ ಕಲ್ಲಿನ ಮೇಲೆ ಕೆತ್ತಲು ಕೆಲವು ಸಾಲು, ಉದ್ಘಾಟನೆಯ ದಿನ ಹಂಚುವ ಪುಸ್ತಿಕೆಗೆ ಎರಡು ಪುಟ ಬರೆದುಕೊಡಬೇಕೆಂದು ಅವರು ಮನೆಗೇ ಬಂದು ಕೇಳಿದ್ದರು. ನಾನು ಒಪ್ಪಿದೆ. ಓದುವಾಗ ಈ ಸೀಮೆಯ ವೀರಗಲ್ಲುಗಳ ಮುಂದೆ ಬಹಳ ಹೊತ್ತು ಕಳೆದಿದ್ದೆ. ಕಲ್ಲಿನಲ್ಲಿ ಸತ್ತವನ ಕತ್ತಿ ಕಾಣುತ್ತದೆ, ಅವನು ಹೋಗಿ ಸೇರಿದ ಕೈಲಾಸ ಕಾಣುತ್ತದೆ. ಅವನು ಹೇಗೆ ಮಾತಾಡುತ್ತಿದ್ದ, ಏನು ತಿನ್ನುತ್ತಿದ್ದ ಎಂಬುದು ಕಾಣುವುದಿಲ್ಲ. ಈ ಹುಡುಗನನ್ನು ಬಲ್ಲವರು ಇನ್ನೂ ಬದುಕಿದ್ದಾರೆ, ಕೇಳಿದರೆ ಹೇಳುತ್ತಾರೆ ಎಂದುಕೊಂಡೆ.

ಅವರು ಹೇಳಿದರು. ಸೈನ್ಯಕ್ಕೆ ಸೇರಬೇಕೆಂದು ಅಂಜನಾಪುರದ ನೆಂಟರ ಮನೆಯಲ್ಲಿ ಉಳಿದು ಕೆರೆಯ ಏರಿಯ ಮೇಲೆ ಬೆಳಿಗ್ಗೆ ಓಡುತ್ತಿದ್ದನಂತೆ. ಬಸ್ಸಿನಲ್ಲಿ ಕೂತರೆ ನಿದ್ದೆ. ತನ್ನೂರು ದಾಟಿ ಆನವಟ್ಟಿಯಲ್ಲಿ ಎಚ್ಚರವಾಗಿ, ಬೈಯಿಸಿಕೊಳ್ಳಬೇಕಾಗುತ್ತದೆಂದು ಮನೆಗೆ ಫೋನ್ ಮಾಡದೆ ನಡೆದೇ ಬರುತ್ತಿದ್ದನಂತೆ. ಸೈನ್ಯ ಸೇರಿದ ಎರಡನೇ ವರ್ಷ, ಏಳು ವರ್ಷದ ಹಿಂದೆ, ಬೆಟ್ಟದ ದಾರಿಯಲ್ಲಿ ಅವನಿದ್ದ ಲಾರಿ ಪ್ರಪಾತಕ್ಕೆ ಉರುಳಿತು. ಇಷ್ಟನ್ನು ಇದ್ದ ಹಾಗೆ ಬರೆದು ಅಧ್ಯಕ್ಷರಿಗೆ ಕೊಟ್ಟೆ.

ಅವರು ಅಂಗಡಿಯ ಗಲ್ಲಾದ ಹಿಂದೆ ಕೂತು ಓದಿದರು. ಬಾಯಲ್ಲಿ ಗುಟ್ಕಾ ಇದ್ದುದರಿಂದ ಗದ್ದ ಮೇಲಕ್ಕೆತ್ತಿ ಮಾತಾಡಿದರು.

"ಭಾಳ ಚೆನ್ನಾಗಿ ಬರ್ದಿದೀಯಮ್ಮ. ಈ ನಿದ್ದೆ ಗಿದ್ದೆ ತೆಗೆದುಬಿಡು. ಮತ್ತೆ ಆಕ್ಸಿಡೆಂಟ್ ಅಂತ ಬ್ಯಾಡ."

"ಆಗಿದ್ದು ಅದೇ ಅಲ್ವಾ, ಅಂಕಲ್?"

"ಆಕ್ಸಿಡೆಂಟ್ ಆದೋರು ನಮ್ಮ ಶಿರಾಳಕೊಪ್ಪ ರೋಡ್ನಾಗೆ ದಿನಾ ಬೀಳ್ತಾರೆ. ಅವರಿಗೆಲ್ಲ ಕಲ್ಲು ನಿಲ್ಸಕ್ಕಾಗುತ್ತಾ? ಶತ್ರುಗಳ ಜೊತೆ ಹೋರಾಡಿ ಅಂತ ಒಂದು ಮಾತು ಸೇರ್ಸು. ಯಾವ ಶತ್ರು ಅಂತ ಯಾರೂ ಕೇಳಲ್ಲ."

ಅಂಗಡಿಯಲ್ಲಿದ್ದವರು ನಕ್ಕರು. ಅಧ್ಯಕ್ಷರು ಎದ್ದು ಹೊರಗೆ ಹೋಗಿ, ಮೆಟ್ಟಿಲ ಪಕ್ಕ ಉಗಿದು ಬಂದರು. ಮತ್ತೆ ನೋಡುತ್ತೇನೆ ಎಂದು ನಾನು ಕಾಗದ ವಾಪಸ್ ತೆಗೆದುಕೊಂಡೆ. ಅವರು ಮುಟ್ಟಿದ ಅಂಚು ಒದ್ದೆಯಾಗಿತ್ತು.

ಅವನ ತಾಯಿಯನ್ನು ಎರಡು ಸಲ ನೋಡಿದೆ. ಐವತ್ತು ದಾಟಿದ, ಮಾತು ಕಡಿಮೆ ಇರುವ ಹೆಂಗಸು. ದೊಡ್ಡ ಮಗ, ಸೊಸೆ, ಮೊಮ್ಮಕ್ಕಳು ಎಲ್ಲ ಅದೇ ಮನೆಯಲ್ಲಿದ್ದಾರೆ. ಎರಡನೇ ಸಲ ಹೋದಾಗ ಅಂಗಳದಲ್ಲಿ ಗೋವಿನಜೋಳ ಹರವುತ್ತಿದ್ದರು. ನಾನೂ ಕೈ ಹಾಕಿದ ಮೇಲೆ ಮಾತಾಡಿದರು.

ಅವರ ಮನೆತನದಲ್ಲಿ, ನಮ್ಮದರಲ್ಲೂ, ಸತ್ತವರನ್ನು ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಪೂಜೆಗೆ ಕೂತ ಹಾಗೆ ಚಕ್ಕಳಮಕ್ಕಳ ಕೂರಿಸಿ, ಎಡಗೈಯಲ್ಲಿ ಲಿಂಗ ಇಟ್ಟು, ಸುತ್ತ ವಿಭೂತಿ ಗಟ್ಟಿ, ಬಿಲ್ವಪತ್ರೆ ತುಂಬುತ್ತಾರೆ. ಮಗ ಬಂದದ್ದು ಪೆಟ್ಟಿಗೆಯಲ್ಲಿ. ಅಂಗಳದಲ್ಲಿ ಮುಚ್ಚಳ ಸ್ವಲ್ಪ ಸರಿಸಿ ಮುಖ ಒಂದು ಕ್ಷಣ ತೋರಿಸಿದರಂತೆ. ಆ ಊರಿನಲ್ಲಿ ಹೆಂಗಸರು ಮಣ್ಣಿಗೆಂದು ಹಳ್ಳ ದಾಟುವುದಿಲ್ಲ. ರುದ್ರಭೂಮಿ ಇರುವುದು ಹಳ್ಳದ ಆಚೆ.

"ಅಲ್ಲಿ ಹೋಗಿ ಕೂರಿಸಿದ್ವಿ ಅಂದ್ರು. ಕೂತಾನೆ. ಅಷ್ಟೇ ನಂಗೆ ಸಮಾಧಾನ ಮಗಾ. ನಾ ಕಣ್ಣು ಮುಚ್ಚಿದ್ರೆ ಹಂಗೇ ಕಾಣ್ತಾನೆ, ಬೆನ್ನು ನೆಟ್ಟಗೆ ಮಾಡ್ಕಂಡು. ಬದುಕಿದ್ದಾಗ ಒಂದಿನ ನೆಟ್ಟಗೆ ಕೂತೋನಲ್ಲ."

ಭಾನುವಾರದ ಉದ್ಘಾಟನೆಯ ಬಗ್ಗೆ ಕೇಳಿದೆ. ಸಮಾಧಿಯನ್ನು ರುದ್ರಭೂಮಿಯಿಂದ ತೆಗೆದು ರಸ್ತೆಯ ಪಕ್ಕಕ್ಕೆ ತರುತ್ತಾರೆ ಎಂಬುದು ನನಗೆ ತಿಳಿದದ್ದು ಅವರಿಂದ. ನನಗೆ ಬರೀ ಕಲ್ಲು ಎಂದು ಹೇಳಿದ್ದರು.

"ಮೊದ್ಲು ಬ್ಯಾಡ ಅಂದೆ. ಆಮೇಲೆ ಈ ಸಲ ನೀವೂ ಬರ್ರಿ, ಹೆಂಗಸರು ಬಂದ್ರೆ ತೊಂದ್ರಿ ಇಲ್ಲ ಅಂದ್ರು. ಕೂತ ಜಾಗ ಆದ್ರೂ ನೋಡ್ತೀನಲ್ಲ. ಅವ್ನ ಕೈಯಾಗಿನ ಲಿಂಗ ತಗಂಡು ಬರ್ತೀನಿ, ಮನ್ಯಾಗಿಟ್ಟು ಪೂಜಿ ಮಾಡ್ತೀನಿ."

ಪುಸ್ತಿಕೆ ಶನಿವಾರ ರಾತ್ರಿ ಅಚ್ಚಿಗೆ ಹೋಗುವುದಿತ್ತು. ಆ ವಿಧಿಯ ವಿವರ ಅದರಲ್ಲಿ ಸರಿಯಾಗಿರಲಿ ಎಂದು ಶನಿವಾರ ಮಧ್ಯಾಹ್ನ, ಅವತ್ತು ಸಂಸ್ಕಾರ ಮಾಡಿಸಿದ ಊರಿನ ಅಯ್ನೋರ ಮನೆಗೆ ಹೋದೆ. ಯಾವ ದಿಕ್ಕಿಗೆ ಮುಖ ಮಾಡಿ ಕೂರಿಸಿದಿರಿ ಎಂದು ಕೇಳಿದೆ. ಅವರು ಬಾಗಿಲಿನ ಕಡೆ ನೋಡಿದರು.

"ಅದನ್ನ ಬರೀಬ್ಯಾಡವ್ವ."

"ಯಾಕ್ರೀ?"

"ಕೂರಿಸಿಲ್ಲ. ಪೆಟ್ಟಿಗೇನೇ ಇಳಿಸಿದ್ವಿ. ಸಂಗಡ ಬಂದ ಮಿಲಿಟ್ರಿಯೋರು ಪೂರಾ ತೆಗೀಬ್ಯಾಡ್ರಿ, ನೋಡಕ್ಕಾಗಲ್ಲ ಅಂದ್ರು. ನಮ್ಮೋರು ಕುಣಿ ತೋಡಿದ್ದು ಕೂರೋನಿಗೆ, ಚೌಕ. ಪೆಟ್ಟಿಗೆ ಉದ್ದ. ಒಂದ್ಕಡಿಂದ ಇಳಿಸ್ತಾರೆ, ಹೋಗವಲ್ದು. ಮತ್ತೆ ಗುದ್ದಲಿ ತಗಂಡು ಉದ್ದಕ್ಕೆ ಅಗಿಯೋದ್ರಾಗೆ ಹೊತ್ತು ಮುಳುಗ್ತು."

"ಲಿಂಗ?"

"ಪೆಟ್ಟಿಗೆ ಮ್ಯಾಲೆ ಇಟ್ವಿ. ಇನ್ನೆಲ್ಲಿ ಇಡಾಣ? ಆದ್ರೆ ಮಂತ್ರ ಮಾತ್ರ ಕೂತೋನಿಗೆ ಹೇಳೋದನ್ನೇ ಹೇಳೀನಿ. ಒಂದಕ್ಷರ ಬಿಟ್ಟಿಲ್ಲ."

ಕೂರಿಸಿದೆವು ಎಂದು ಅವನ ತಾಯಿಗೆ ಯಾಕೆ ಹೇಳಿದಿರಿ ಎಂದೆ.

"ಅವತ್ತು ಅವ್ಳ ಮುಖ ನೋಡಿದ್ರೆ ನೀನೂ ಅದನ್ನೇ ಹೇಳ್ತಿದ್ದಿ."

ಹೇಳುತ್ತಿದ್ದೆನೋ ಏನೋ. ಅಂದಿನ ಸುಳ್ಳಿನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಂಜೆಗತ್ತಲಲ್ಲಿ, ಉದ್ದ ಮಾಡಿದ ಕುಣಿಯ ಮುಂದೆ ನಿಂತ ಕೆಲವು ಗಂಡಸರು ಕೈಲಾದದ್ದನ್ನು ಮಾಡಿ, ಕೈಲಾಗದ್ದನ್ನು ಮುಚ್ಚಿಟ್ಟಿದ್ದರು. ನಾಳೆ ಅಗೆಯುತ್ತಾರಲ್ಲ, ಆಗ ಏನು ಹೇಳುತ್ತೀರಿ ಎಂದು ಕೇಳಿದೆ. ಸಮಿತಿಯವರನ್ನು ಕೇಳು ಎಂದು ಅವರು ಒಳಗೆ ಹೋದರು. ಕೇಳದೆ ಇರಲು ಆಗುವುದಿಲ್ಲ ಎಂದು ನಾನು ರಸ್ತೆಗೆ ಬಂದೆ.

ಬಸ್ ನಿಲ್ದಾಣದ ಹತ್ತಿರ ಶಾಮಿಯಾನ ಕಟ್ಟುತ್ತಿದ್ದರು. ಹೊಸ ಕಟ್ಟೆಗೆ ಬಣ್ಣ ಹೊಡೆದಾಗಿತ್ತು. ಪಕ್ಕದಲ್ಲಿ ಜೆಸಿಬಿ ನಿಂತಿತ್ತು, ಅದರ ಬಕೆಟ್ಟಿಗೆ ಯಾರೋ ಆಗಲೇ ಚೆಂಡುಹೂವಿನ ಹಾರ ಹಾಕಿದ್ದರು. ಅಧ್ಯಕ್ಷರನ್ನು ಪಕ್ಕಕ್ಕೆ ಕರೆದು, ಅಯ್ನೋರು ಹೇಳಿದ್ದನ್ನು ಹೇಳಿದೆ. ಅವರಿಗೆ ಗಾಬರಿಯಾಗುತ್ತದೆ ಎಂದು ನಾನು ತಿಳಿದಿದ್ದೆ.

"ಗೊತ್ತು ಬಿಡಮ್ಮ. ಅವತ್ತು ಗುದ್ದಲಿ ಹಿಡಿದೋರಾಗೆ ನಾನೂ ಒಬ್ಬ."

"ಹಾಗಿದ್ರೂ ಅಗೀತೀರಾ?"

"ದೊಡ್ಡೋರ ಕಾರು ಹಳ್ಳ ದಾಟಲ್ಲ. ಅವ್ರು ಹೂವಿನ ಗುಚ್ಛ ಇಡ್ಬೇಕು ಅಂದ್ರೆ ಇವ್ನೇ ರೋಡಿಗೆ ಬರ್ಬೇಕು. ಪೆಟ್ಟಿಗೆ ಗಟ್ಟಿ ಇದ್ರೆ ಬಾವುಟ ಹೊದಿಸಿ ತರಾಣ. ಮುರಕಂಡಿದ್ರೆ ಅಲ್ಲೇ ಮುಚ್ಚಿ, ಒಂದು ಬುಟ್ಟಿ ಮಣ್ಣು ತಂದು ಇಡಾಣ. ಜನಕ್ಕೇನ್ ಗೊತ್ತಾಗುತ್ತೆ?"

"ಅವರಮ್ಮ ಅಲ್ಲಿ ನಿಂತಿರ್ತಾರೆ. ಅವರು ಕೂತಿದಾನೆ ಅಂತ ನಂಬಿದಾರೆ."

"ಅಳ್ತಾಳೆ. ಅಳಬೇಕಲ್ಲಮ್ಮ, ಯೂಟ್ಯೂಬ್ನೋರು ಮೂರು ಜನ ಬರ್ತಾರೆ." ನಂತರ ಏನೋ ನೆನಪಾದವರಂತೆ ಸ್ವರ ಇಳಿಸಿದರು. "ನಿನ್ನ ಹೆಸ್ರೂ ಪುಸ್ತಕದ ಹಿಂದೆ ಹಾಕ್ಸೀನಿ. ಫೋಟೋ ಇದ್ರೆ ವಾಟ್ಸಾಪ್ ಮಾಡು."

ಅವರು ಕೆಟ್ಟವರಾಗಿ ಕಾಣುತ್ತಿರಲಿಲ್ಲ. ಶಾಮಿಯಾನದ ಹಗ್ಗ ಬಿಗಿಯುವವನಿಗೆ ಚಹಾ ತರಿಸುತ್ತಿದ್ದರು, ಯಾರದೋ ಮಗುವಿನ ಜ್ವರ ವಿಚಾರಿಸುತ್ತಿದ್ದರು. ಅದರಿಂದಲೇ ನನಗೆ ಇನ್ನೂ ಹೇಸಿಗೆಯಾಯಿತು. ಒಬ್ಬ ಮನುಷ್ಯ ತಾನೇ ಮಣ್ಣು ಮಾಡಿದ ಹುಡುಗನನ್ನು, ಕಾರು ನಿಲ್ಲಿಸಲು ಅನುಕೂಲವಾಗುವ ಜಾಗಕ್ಕೆ, ಸಾಮಾನು ಸಾಗಿಸುವ ಹಾಗೆ ಸಾಗಿಸಬಲ್ಲ. ಅದೇ ಬಾಯಲ್ಲಿ ಚಹಾಕ್ಕೆ ಸಕ್ಕರೆ ಕಡಿಮೆ ಹಾಕಲು ಹೇಳಬಲ್ಲ.

ಶಿಕಾರಿಪುರಕ್ಕೆ ಬಂದು ಕೈ ತೊಳೆದೆ, ಮತ್ತೆ ತೊಳೆದೆ. ಅಮ್ಮ ಬಡಿಸಿದ ರೊಟ್ಟಿ ಹಾಗೇ ಉಳಿಯಿತು. ಏನಾಯ್ತು ಎಂದು ಅಮ್ಮ ಕೇಳಿದಾಗ ತಲೆನೋವು ಎಂದೆ. ನಮ್ಮ ಮನೆಯಲ್ಲಿ ನನ್ನನ್ನು ಎರಡನೇ ಸಲ ಕೇಳುವುದಿಲ್ಲ. ಪುಸ್ತಿಕೆಗೆ ಬರೆದುಕೊಡುವುದಿಲ್ಲ ಎಂದರೆ ನನ್ನ ಕೈ ಸ್ವಚ್ಛವಾಗುತ್ತಿತ್ತು, ಅಷ್ಟೇ. ಅಗೆಯುವುದು ನಿಲ್ಲುತ್ತಿರಲಿಲ್ಲ. ನಿಲ್ಲಿಸುವ ಹಕ್ಕಿದ್ದದ್ದು ಆ ತಾಯಿಗೆ, ಅವರಿಗೆ ಗೊತ್ತಿರಬೇಕಾದ್ದೇ ಗೊತ್ತಿರಲಿಲ್ಲ. ಹೇಳಿದರೆ, ಏಳು ವರ್ಷ ಅವರು ಕಣ್ಣೊಳಗೆ ಕೂರಿಸಿಕೊಂಡ ಮಗನನ್ನು ನಾನು ಮಲಗಿಸಬೇಕಿತ್ತು. ಹೇಳದಿದ್ದರೆ ಆ ಕೆಲಸವನ್ನು ಹಾರ ಹಾಕಿಕೊಂಡ ಜೆಸಿಬಿ ಎಲ್ಲರೆದುರು ಮಾಡುತ್ತಿತ್ತು.

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಶಿರಾಳಕೊಪ್ಪಕ್ಕೆ ಹೋಗಿ, ಅಲ್ಲಿಂದ ಆನವಟ್ಟಿಯ ಬಸ್ಸು ಹಿಡಿದು ಆ ತಾಯಿಯ ಮನೆಗೆ ಹೋದೆ. ಸ್ನಾನ ಮಾಡಿ, ಸಮಿತಿಯವರು ಕೊಟ್ಟ ಹೊಸ ಸೀರೆ ಉಟ್ಟು, ಒದ್ದೆ ಕೂದಲು ಬಿಡಿಸಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಲಿಂಗ ತರಲೆಂದು ತೊಳೆದಿಟ್ಟ ಹಿತ್ತಾಳೆ ಬಟ್ಟಲು ಇತ್ತು. ಸೊಸೆ ಒಳಗಿದ್ದಳು. ನಾನು ಅವರ ಎದುರು ಕೂತು, ಸುತ್ತಿ ಬಳಸದೆ ಹೇಳಿದೆ. ಪೆಟ್ಟಿಗೆ ತೆಗೆಯಲಿಲ್ಲ. ಕುಣಿ ಸಾಲದೆ ಉದ್ದ ಮಾಡಿದರು. ಮಲಗಿಸಿದ್ದಾರೆ. ಲಿಂಗ ಪೆಟ್ಟಿಗೆಯ ಮೇಲಿದೆ.

ಅವರ ಕೈ ಕೂದಲಲ್ಲೇ ನಿಂತಿತು. ನನ್ನನ್ನು ಬೈಯುತ್ತಾರೆ ಎಂದು ಕಾದೆ.

"ಯಾರು ಹೇಳಿದ್ದು?"

"ಅಯ್ನೋರು. ಅಧ್ಯಕ್ಷರೂ ಹೌದು ಅಂದ್ರು."

"ತಲಿ ಯಾವ ದಿಕ್ಕಿಗೈತೆ?"

ಅದನ್ನು ನಾನು ಕೇಳಿರಲಿಲ್ಲ. ಗೊತ್ತಿಲ್ಲ ಎಂದೆ.

"ಅಂಗಾತ ಮಲಗಿಸಿರ್ತಾರೆ," ಎಂದರು. "ಅವ್ನಿಗೆ ಹಂಗೆ ನಿದ್ದಿ ಬರ್ತಿರಲಿಲ್ಲ. ಬೋರಲು ಬಿದ್ದು ಮಕ ಹುದುಗಿಸಿಕೊಂಡೇ ಮಲಗ್ತಿದ್ದ." ಸೆರಗಿನಿಂದ ಮುಖ ಒರೆಸಿಕೊಂಡರು. ಸೊಸೆ ಬಾಗಿಲಿಗೆ ಬಂದು, ಅತ್ತೆಯ ಮುಖ ನೋಡಿ ಅಲ್ಲೇ ನಿಂತಳು.

"ಇನ್ನ ಅವ್ನ್ನ ಎಬ್ಬಿಸೋದು ಬ್ಯಾಡ," ಎಂದರು ಆಮೇಲೆ. "ರೋಡ್ನಾಗೆ ಕಲ್ಲಾದ್ರೂ ನಿಲ್ಸ್ಕಳ್ಳಿ, ಕಂಬಾದ್ರೂ ನಿಲ್ಸ್ಕಳ್ಳಿ. ಹಳ್ಳದಾಚೆ ಯಾರೂ ಕಾಲಿಡಬಾರ್ದು."

ನಾನು ಹೋಗಿ ಹೇಳಲೇ ಎಂದು ಕೇಳಿದೆ.

"ನೀ ಹೇಳಿದ್ರೆ ಕೇಳಲ್ಲ. ಫೋನ್ ಹಚ್ಚಿ ಕೊಡು."

ಅಧ್ಯಕ್ಷರ ನಂಬರ್ ಒತ್ತಿದೆ. ಅವರು ಎತ್ತಿ "ಹೇಳಮ್ಮ" ಎಂದದ್ದು ಕೇಳಿಸಿದ ಮೇಲೆ, ಫೋನನ್ನು ಆ ತಾಯಿಯ ಕೈಗೆ ಕೊಟ್ಟೆ.