ಚೌಡಣ್ಣನ ಅಂಗಿ

ಇಟ್ಟಿಗಿ ಊರಿನ ಚೌಡಣ್ಣನಿಗೆ ತಲೆ ತುಂಬಾ ಹಿಕಮತ್ತು. ಸಜ್ಜೆ ತೆನೆಗೆ ಹಾಲು ತುಂಬುವ ಕಾಲಕ್ಕೆ ಉಳಿದವರು ಒಂದು ಬೆದರುಗೊಂಬೆ ನಿಲ್ಲಿಸಿ ಕೈ ತೊಳೆದುಕೊಂಡರೆ, ಈ ಪುಣ್ಯಾತ್ಮ ತನ್ನ ಗೊಂಬೆಗೆ ದಿನಕ್ಕೊಂದು ವೇಷ ಕಟ್ಟುತ್ತಿದ್ದ. ಇವತ್ತು ಕೊಡೆ ಹಿಡಿದವನು, ನಾಳೆ ಕುಕ್ಕರಗಾಲಲ್ಲಿ ಕುಂತವನು, ನಾಡಿದ್ದು ಇನ್ನೊಂದು ಮೂಲೆಯಲ್ಲಿ ಬಗ್ಗಿದವನು. ಊರವರು ನಗುತ್ತಿದ್ದರು. ನಗುವವರ ಹೊಲಕ್ಕೇ ಗಿಳಿಗಳು ಮೊದಲು ಇಳಿಯುತ್ತಿದ್ದವು, ಆ ಮಾತು ಬೇರೆ.

"ಒಂದೇ ಮಕ ಎರಡು ದಿನ ಕಂಡ್ರ ಗಿಳಿ ಬೀಗರಾಗಿ ಬಿಡತಾವ ಲೇ," ಎಂದು ಹೆಂಡತಿ ಪಾಲಮ್ಮನಿಗೆ ಹೇಳುತ್ತಿದ್ದ. "ಹಕ್ಕಿ ದಿನಾ ಕಲೀತಾವ. ನಾವು ಕಲೀಬಾರದೇನು?"

ಹೋದ ಬೇಸಿಗೆಯಲ್ಲಿ ಎದೆ ಹಿಡಿದುಕೊಂಡು ಕುಂತವನು ಮತ್ತೆ ಏಳಲಿಲ್ಲ.

ಈ ಸಲ ಗೊಂಬೆ ಕಟ್ಟಿದ್ದು ಪಾಲಮ್ಮ. ಏನು ಮಾಡಿದಳು ನೋಡಿ: ಗೂಟಕ್ಕೆ ಅವನ ನೀಲಿ ಗೆರೆಯ ಅಂಗಿ ತೊಡಿಸಿದಳು. ಎಡ ಹೆಗಲನ್ನು ಅವನ ಹಾಗೇ ತುಸು ಇಳಿಸಿದಳು. ಮಡಕೆಯ ತಲೆಗೆ ಅವನ ಟವೆಲ್ ಸುತ್ತಿದಳು. ಹಿಂದೆ ಸರಿದು ನೋಡಿದರೆ, ಅಯ್ಯೋ ಶಿವನೇ, ಅವನೇ ನಿಂತಿದ್ದ.

ಅಂದಿನಿಂದ ಅವಳಿಗೆ ನೆಮ್ಮದಿಯಿಲ್ಲ. ಕಳೆ ಕೀಳುವಾಗ ಬೆನ್ನ ಹಿಂದೆ ಯಾರೋ ನೋಡಿದಂತೆ. ಬುತ್ತಿ ಬಿಚ್ಚಿದರೆ ಮೊದಲ ತುತ್ತು ಗೊಂಬೆಯ ಬುಡದಲ್ಲಿ ಇಡದೆ ರೊಟ್ಟಿ ಗಂಟಲಲ್ಲಿ ಇಳಿಯದು. ಹೆದರಿಕೆಯೇನೋ ನಿಜ, ಆದರೆ ಅವನನ್ನು ಬಿಟ್ಟು ಮನೆಗೆ ಹೋಗಲೂ ಕಾಲು ಬಾರದು.

ಗಿಳಿಗಳಿಗೆ ಆ ಸಂಕಟವಿಲ್ಲ. ವಾರದೊಳಗೆ ಅಂಗಿಯ ಹೆಗಲ ಮೇಲೇ ಕುಂತು ತೆನೆ ಸುಲಿಯತೊಡಗಿದವು.

"ಯಕ್ಕಾ, ಗೊಂಬಿ ಬದಲು ಮಾಡಬೇ. ಹಿಂಗಾದ್ರ ಉಣ್ಣಾಕ ಕಾಳು ಉಳಿಯಂಗಿಲ್ಲ," ಎಂದ ಪಕ್ಕದ ಹೊಲದ ಬೆನಕಪ್ಪ.

"ಅದನ್ನ ಬಿಚ್ಚಿದ್ರ ಮತ್ತೊಮ್ಮಿ ಮಣ್ಣು ಮಾಡಿದಂಗ ಆಗತೈತೋ ತಮ್ಮಾ," ಎಂದಳು. ಬೆನಕಪ್ಪ ಬದು ದಾಟಿ ಹೋದ.

ಮರುದಿನ ಬಂದು ನೋಡಿದರೆ ಸಾಲಿಗೆ ಸಾಲೇ ಬರಿದು. ಪಾಲಮ್ಮನಿಗೆ ಸಿಟ್ಟು ನೆತ್ತಿಗೇರಿತು. ಗೊಂಬೆಯ ಮುಂದೆ ನಿಂತು ಬೈದಳು: "ಕಣ್ಣು ಕಾಣಂಗಿಲ್ಲೇನು ನಿನಗ? ಮಡ್ಡಿಯಂಗ ನಿಂತೀಯಲ್ಲ! ಬದುಕಿದ್ದಾಗ ಒಂದಿನಾದ್ರೂ ಒಂದೇ ಕಡಿ ನಿಂತಿದ್ದೇನು ನೀನು?"

ಬೈದ ಮಾತು ತನ್ನ ಕಿವಿಗೇ ಬಿತ್ತು. ಹೌದಲ್ಲ! ಇದು ಯಾರು ಹಾಗಾದರೆ? ಅಲ್ಲೇ ಕುಸಿದು ಹೊಟ್ಟೆ ತುಂಬಾ ಅತ್ತಳು. ಆಮೇಲೆ ಎದ್ದು ಗೊಂಬೆಯ ಅಂಗಿಯ ಗುಂಡಿ ಬಿಚ್ಚಿದಳು.

ಕೂಲಿಗೆ ಹೋಗುವ ಹೆಂಗಸರು ಗಂಡಂದಿರ ಹಳೆ ಅಂಗಿಯನ್ನು ಸೀರೆಯ ಮೇಲೆ ಹಾಕಿಕೊಳ್ಳುವುದು ಇದ್ದದ್ದೇ. ಪಾಲಮ್ಮನೂ ಹಾಕಿಕೊಂಡಳು, ಟವೆಲ್ ಸುತ್ತಿಕೊಂಡಳು, ತೆನೆಗಳ ನಡುವೆ ಹೊರಟಳು. ಎಡ ಹೆಗಲು ತಾನಾಗಿಯೇ ಇಳಿಯಿತು. "ಹೋಯ್!" ಎಂದದ್ದು ಅವನದೇ ದನಿ. ಗಿಳಿಗಳು ಒಮ್ಮೆಗೇ ಎದ್ದು ಹಾರಿದವು.

"ಚೌಡಣ್ಣಾ!" ದಾರಿಯಲ್ಲಿದ್ದ ಬೆನಕಪ್ಪ ಕೂಗಿಯೇಬಿಟ್ಟ. ಕೂಗಿದವನೇ ನಾಲಿಗೆ ಕಚ್ಚಿಕೊಂಡ.

ಪಾಲಮ್ಮ ತಿರುಗಲಿಲ್ಲ.

"ಓ, ಇಲ್ಲೇ ಅದೀನೋ," ಎಂದಳು. "ನಾಳಿ ಬ್ಯಾರೆ ಕಡಿ ಇರತೀನಿ."