ರಜೆ ಇಲ್ಲದ ಪೇಟೆ

ರೋಣದ ಬಸ್ಸಿನಲ್ಲಿ ಪಕ್ಕ ಕುಳಿತಿದ್ದ ಗಜೇಂದ್ರಗಡದ ನೇಕಾರರೊಬ್ಬರು ನನ್ನತ್ತ ಫೋನು ಚಾಚಿದರು. "ಅಮ್ಮಾರ, ಇಂಗ್ಲಿಷಿನ್ಯಾಗ ಏನ ಬರ್ದಾರ ನೋಡ್ರಿ."

ಯಾವುದೋ ದೇಶದ ಮೇಲೆ ನಿರ್ಬಂಧ ಹೇರಿದ್ದಾರೆ, ಯುದ್ಧವಾದೀತೆಂದು ಹೆದರಿದವರೆಲ್ಲ ಬಿಟ್‌ಕಾಯಿನ್ ಮಾರುತ್ತಿದ್ದಾರೆ ಎಂದು ಓದಿ ಹೇಳಿದೆ.

"ಇವತ್ತು ಐತವಾರ. ಪ್ಯಾಟಿ ಬಂದ್ ಇರತೈತಲ್ರಿ?"

"ಉಳಿದ ಪೇಟೆಗಳು ಬಂದ್. ಇದಕ್ಕೆ ರಜೆಯೇ ಇಲ್ಲ. ಅದಕ್ಕೇ ಮೊದಲು ಇದೇ ಬೀಳುತ್ತದೆ."

"ಅಮಾಸಿಗೆ ನಮ್ಮ ಮಗ್ಗಕ್ಕೂ ರಜಾ ಐತ್ರಿ," ಅಂದರು. ಹೊಸ ಮಗ್ಗಕ್ಕೆಂದು ಕೂಡಿಟ್ಟದ್ದೆಲ್ಲ ಬಿಟ್‌ಕಾಯಿನ್‌ನಲ್ಲಿತ್ತಂತೆ. ಬೆಳಗಿನಿಂದ ಕರಗುತ್ತಲೇ ಇತ್ತು.

"ಮನೆಯಲ್ಲಿ ಗೊತ್ತಾ?"

"ಇಲ್ರಿ. ನಿಮ್ಮ ಮಾತಿನ ಮ್ಯಾಲೆ ನೀವು ಹೊರಗಿನವರು ಅಂತ ಗೊತ್ತಾತು. ನಿಮ್ಮ ಮುಂದ ಹೇಳಿದ್ರ ಊರಾಗ ಹಬ್ಬೂದಿಲ್ಲ."

ನಾನು ಗಜೇಂದ್ರಗಡದಲ್ಲೇ ಇರುವುದು, ನಲವತ್ತು ವರ್ಷದಿಂದ. ಆದರೂ ಅವರ ಗುಟ್ಟು ಭದ್ರವಾಗಿದೆ. ಹೇಳಿಕೊಳ್ಳಲು ನನಗೂ ಅಲ್ಲಿ ಯಾರೂ ಇಲ್ಲ.