ಎಳೆತದ ಗೆರೆ

ರೈಲು ಎಂಜಿನ್ನಿನ ಎಳೆತವನ್ನು ಅಳೆಯುವ ಬೋಗಿಯಲ್ಲಿ ನನ್ನ ಕೆಲಸ. ಎಂಜಿನ್ನಿನ ಬೆನ್ನಿಗೇ ನಾವು. ನಮ್ಮ ಹಿಂದೆ ಸಾಲಾಗಿ ಖಾಲಿ ಬೋಗಿಗಳು.

ಒಂದು ಮಟಮಟ ಮಧ್ಯಾಹ್ನ, ಅಫಜಲಪುರ ಸೀಮೆಯ ತೊಗರಿ ಹೊಲಗಳ ನಡುವೆ ಗಾಡಿ ಓಡುತ್ತಿದ್ದಾಗ ರೊಟ್ಟಿ ಗಂಟು ಬಿಚ್ಚಿದೆ. ನಾನು ಕರಜಗಿಯವನು, ಯಾರನ್ನೂ ಕರೆಯದೆ ತುತ್ತು ಮುರಿದು ಗೊತ್ತಿಲ್ಲ. ಜೊತೆಗಿದ್ದ ಹಿರಿಯರ ಊಟ ಆಗಿತ್ತು. ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ. ಕಿಟಕಿಯಾಚೆಯ ಬಯಲಿಗೇ, “ಬರ್ರಿ, ಊಟ ಮಾಡೂಣು” ಅಂದುಬಿಟ್ಟೆ.

ಅಳೆಯುವ ಯಂತ್ರದ ಪರದೆಯ ಮೇಲೆ ಎಳೆತದ ಗೆರೆ ಮೇಲಕ್ಕೆದ್ದಿತು. ಅಲ್ಲಿ ಹಳಿಗೆ ಏರೂ ಇಲ್ಲ, ತಿರುವೂ ಇಲ್ಲ. ಒಬ್ಬಿಬ್ಬರು ಹತ್ತಿದರೆ ಅದು ಅಲುಗುವುದೂ ಇಲ್ಲ. ಬೋಗಿಗಳೆಲ್ಲ ಮಂದಿಯಿಂದ ತುಂಬಿದರೆ ಮಾತ್ರ ಅಷ್ಟು ಏರುತ್ತದೆ. ಯಂತ್ರ ಕೆಟ್ಟಿದೆ ಎಂದು ಬೈದೆ.

ಹಿರಿಯರು ಹಿಂದಿನ ಬಾಗಿಲ ಕಡೆಗೇ ನೋಡುತ್ತ ಕೇಳಿದರು: “ಕರದಾಂವ ನೀನ ಅಲ್ಲೇನ್ ತಮ್ಮಾ? ರೊಟ್ಟಿ ಎಷ್ಟ ತಂದೀ?”